ಡೀಸೆಲ್ ಏರಿದಾಗ ಟಿಟಿ ಟೂರ್, ಟೆಂಟ್ ಟೂರ್: ತುಮಕೂರಿನವರಿಗೆ ಒಂದು ಲೆಕ್ಕ

ಬಂಕಿನ ಬೋರ್ಡಿನಲ್ಲಿ ಲೀಟರಿಗೆ ಎರಡು ರೂಪಾಯಿ ಏರಿದರೆ ಸಾಕು, ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಟೂರಿಗೆ. 'ಈ ವರ್ಷ ಬೇಡ ಬಿಡಿ, ಡೀಸೆಲ್ ಎಲ್ಲಿಗೋ ಹೋಗಿದೆ' ಅಂತ ಯಾರಾದರೂ ಅಂದರೆ ಉಳಿದವರೂ ತಲೆಯಾಡಿಸುತ್ತಾರೆ. ಪೇಪರು ಪೆನ್ನು ತೆಗೆದುಕೊಂಡು ಲೆಕ್ಕ ಹಾಕುವವರು ಕಡಿಮೆ.

ಅಮೆರಿಕದಲ್ಲಿ ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ, ಮನೆಯಷ್ಟೇ ದೊಡ್ಡ ಆರ್‌ವಿಗಳನ್ನು ಓಡಿಸುವವರಿಗೆ ಈ ಭಯ ನಿಜ. ಅಂಥ ದೊಡ್ಡ ಗಾಡಿ ಲೀಟರಿಗೆ ಮೂರು ನಾಲ್ಕು ಕಿ.ಮೀ. ಕೊಟ್ಟರೆ ಹೆಚ್ಚು. ನಮ್ಮ ಆರ್‌ವಿ ಅಂದರೆ ಟೆಂಪೋ ಟ್ರಾವೆಲರ್, ಅಂದರೆ ಟಿಟಿ. ಹಿಂದಿನ ಸೀಟಿನ ಕೆಳಗೆ ಗ್ಯಾಸ್ ಒಲೆ, ಮೇಲೆ ಕ್ಯಾರಿಯರಿನಲ್ಲಿ ಜಮಖಾನ, ದಬರಿ, ಟಾರ್ಪಾಲು. ಇಲ್ಲದಿದ್ದರೆ ಸ್ವಂತ ಕಾರು, ಡಿಕ್ಕಿಯಲ್ಲಿ ಒಂದು ಟೆಂಟು. ಈಗೀಗ ಕೆಲವರು ಬೆಂಗಳೂರಿನಿಂದ ಒಳಗೇ ಮಲಗಬಹುದಾದ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತರುತ್ತಾರೆ. ಮೂರಕ್ಕೂ ಲೆಕ್ಕ ಬೇರೆ ಬೇರೆ. ಬಾಡಿಗೆ ಗಾಡಿಯಲ್ಲಿ ದುಡ್ಡು ತಿನ್ನುವುದು ದಿನ. ಸ್ವಂತ ಗಾಡಿಯಲ್ಲಿ ದುಡ್ಡು ತಿನ್ನುವುದು ಕಿಲೋಮೀಟರು. ಯಾವುದರಲ್ಲಿ ಹೊರಡುತ್ತೀರಿ ಅನ್ನುವುದನ್ನು ನೋಡಿಕೊಂಡು ಪ್ಲಾನ್ ಮಾಡಿ.

ಮೊದಲು: ಏರಿಕೆ ನಿಮ್ಮ ಜೇಬಿಗೆ ಎಷ್ಟು ಬೀಳುತ್ತದೆ ನೋಡಿ

ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿದಾಗ ಪೆಟ್ರೋಲು, ಡೀಸೆಲ್ ಎರಡೂ ಲೀಟರಿಗೆ ಸುಮಾರು ಮೂರು ರೂಪಾಯಿ ಜಾಸ್ತಿಯಾದವು. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಹೋಯಿತು. ಆಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿಗೆ ಬಂತು. ಲೆಕ್ಕಕ್ಕೆ ಈ 91 ಇಟ್ಟುಕೊಳ್ಳೋಣ. ನೀವು ಹೊರಡುವ ದಿನದ ರೇಟು ಹಾಕಿಕೊಂಡರೂ ಲೆಕ್ಕದ ದಾರಿ ಇದೇ.

600 ಕಿ.ಮೀ. ಟೂರು, ಲೀಟರಿಗೆ 10 ಕಿ.ಮೀ. ಕೊಡುವ ಟಿಟಿ. 60 ಲೀಟರ್ ಡೀಸೆಲ್, 5,460 ರೂಪಾಯಿ. ರೇಟು ಇನ್ನೂ ಐದು ರೂಪಾಯಿ ಏರಿತು ಅಂದುಕೊಳ್ಳಿ. ಜಾಸ್ತಿ ಆಗುವುದು 300 ರೂಪಾಯಿ. ಗಾಡಿಯಲ್ಲಿ ಹನ್ನೆರಡು ಜನ ಇದ್ದರೆ ತಲೆಗೆ 25. ಇಷ್ಟಕ್ಕೆ ಟೂರ್ ಬಿಡಬೇಕಾ? ಅದೇ ಟಿಟಿಯಲ್ಲಿ ಐದೇ ಜನ ಹೋದರೆ ತಲೆಗೆ 60. ಅಂದರೆ ಡೀಸೆಲ್ ರೇಟಿಗಿಂತ ಖಾಲಿ ಸೀಟು ದುಬಾರಿ. ಚಿಕ್ಕಪ್ಪನ ಮನೆಯವರನ್ನೂ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಸ್ವಂತ ಕಾರಿನವರು ಕಂಪನಿ ಹೇಳಿದ ಮೈಲೇಜ್ ನಂಬಬೇಡಿ. ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದು ವಾರ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ. ಓಡಿದ ಕಿ.ಮೀ.ಯನ್ನು ಹಿಡಿದ ಲೀಟರಿನಿಂದ ಭಾಗಿಸಿ. ಟೂರಿಗೆ ಜನ, ಸಾಮಾನು, ಎ.ಸಿ. ಎಲ್ಲ ಸೇರುವುದರಿಂದ ಆ ಸಂಖ್ಯೆಯಲ್ಲೂ ಒಂದೆರಡು ಕಳೆಯಿರಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ಪೆಟ್ರೋಲ್ ಗಾಡಿ ಇದ್ದರೆ ಮೈಲೇಜ್ ಇನ್ನೂ ಸ್ವಲ್ಪ ಇಳಿದಿರುತ್ತದೆ.

ಬಾಡಿಗೆ ಗಾಡಿ: ಮಾತು ಮುಗಿಸುವ ಮುಂಚೆ

ಟಿಟಿ ಮಾಲೀಕರ ಜೊತೆ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ.

'ಏನ್ ಸಾರ್, ಡೀಸೆಲ್ ರೇಟ್ ನೋಡಿದ್ರಾ? ಕಿಲೋಮೀಟರ್‌ಗೆ ಎರಡು ರೂಪಾಯಿ ಜಾಸ್ತಿ ಆಗುತ್ತೆ.'

'ಗಾಡಿ ಎಷ್ಟು ಕೊಡುತ್ತೆ ಅಣ್ಣ?'

'ಹತ್ತು ಕೊಡುತ್ತೆ ಸಾರ್, ಮೋಸ ಇಲ್ಲ.'

'ಲೀಟರ್‌ಗೆ ಏರಿರೋದು ಐದು ರೂಪಾಯಿ. ಒಂದು ಲೀಟರ್‌ನಲ್ಲಿ ಹತ್ತು ಕಿಲೋಮೀಟರ್ ಹೋದ್ರೆ, ಕಿಲೋಮೀಟರ್‌ಗೆ ಐವತ್ತು ಪೈಸೆ ತಾನೇ?'

'ಟೈರು, ಇನ್ಶೂರೆನ್ಸು, ಎಲ್ಲಾ ಏರಿದೆ ಸಾರ್…'

ಅವರು ಹೇಳುವುದೂ ಸುಳ್ಳಲ್ಲ. ಆದರೆ ಡೀಸೆಲ್ ಹೆಸರಿನಲ್ಲಿ ಎರಡು ರೂಪಾಯಿ ಕೇಳಿದರೆ ಅದರಲ್ಲಿ ಡೀಸೆಲ್ ಪಾಲು ಕಾಲು ಭಾಗ ಮಾತ್ರ. ಇಷ್ಟು ಗೊತ್ತಿದ್ದರೆ ಮುಕ್ಕಾಲಿಗೋ ಒಂದಕ್ಕೋ ಮಾತು ನಿಲ್ಲುತ್ತದೆ. ಲೆಕ್ಕ ಗೊತ್ತಿರುವ ಗಿರಾಕಿ ಅಂತ ತಿಳಿದರೆ ಮುಂದಿನ ಮಾತೂ ಸಲೀಸು.

ಮುಖ್ಯವಾದದ್ದು ಆಮೇಲೆ ಬರುತ್ತದೆ: ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅನ್ನುವ ನಿಯಮ. ಹೆಚ್ಚಿನವರು 250 ಅನ್ನುತ್ತಾರೆ, ಕೆಲವರು 300. ನೀವು ಓಡಿದ್ದು ಅದಕ್ಕಿಂತ ಕಡಿಮೆಯಾದರೂ ಅಷ್ಟಕ್ಕೆ ದುಡ್ಡು ಕೊಡಬೇಕು. ಕಿ.ಮೀ.ಗೆ 22 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 500 ಅಂತ ಇಟ್ಟುಕೊಂಡು ನೋಡಿ. ಮೂರು ದಿನಕ್ಕೆ 750 ಕಿ.ಮೀ., 16,500 ರೂಪಾಯಿ, ಬಾಟಾ ಸೇರಿ 18,000. ನಾಲ್ಕನೇ ದಿನ ಹೋಂಸ್ಟೇ ಮುಂದೆ ಮರದ ನೆರಳಿನಲ್ಲಿ ಗಾಡಿ ಸುಮ್ನೆ ನಿಂತಿದ್ದರೂ ಇನ್ನೊಂದು 6,000. ಒಂದು ತೊಟ್ಟು ಡೀಸೆಲ್ ಸುಟ್ಟಿಲ್ಲ, ಆದರೂ ಡೀಸೆಲ್ ಏರಿಕೆಯ ಇಪ್ಪತ್ತು ಪಟ್ಟು ಖರ್ಚು.

ಹಾಗಾಗಿ ಬಾಡಿಗೆ ಗಾಡಿಯಲ್ಲಿ ನಿಂತ ದಿನ ಇರಬಾರದು. ಒಂದೇ ಕಡೆ ಎರಡು ಮೂರು ದಿನ ಟೆಂಟ್ ಹಾಕಿ ಇರುವ ಆಸೆಯಿದ್ದರೆ 'ಬಿಟ್ಟು ಬನ್ನಿ, ಮೂರನೇ ದಿನ ಬಂದು ಕರೆದುಕೊಂಡು ಹೋಗಿ' ಅಂತ ಡ್ರಾಪ್, ಪಿಕಪ್ ರೇಟು ಕೇಳಿ. ಗಾಡಿ ಎರಡು ಸಲ ಖಾಲಿ ಓಡುವ ದುಡ್ಡು ಕೊಟ್ಟರೂ ಹತ್ತಿರದ ಜಾಗಕ್ಕೆ ಇದೇ ಅಗ್ಗ. ದೇವರಾಯನದುರ್ಗ, ಸಿದ್ದರಬೆಟ್ಟ, ಶಿವಗಂಗೆಯಂಥ ಕಡೆಗೆ ಹೊರಗಡೆ ಟೂರಿನ ರೇಟಿನಲ್ಲಿ ಗಾಡಿ ಹಿಡಿಯಲೇಬೇಡಿ. 8 ಗಂಟೆ, 80 ಕಿ.ಮೀ. ಅನ್ನುವ ಲೋಕಲ್ ಪ್ಯಾಕೇಜ್ ಕೇಳಿ.

ಇನ್ನು ಮೂರು ವಿಷಯ ಫೋನಿನಲ್ಲೇ ಬರೆಸಿಕೊಳ್ಳಿ, ವಾಟ್ಸಾಪ್ ಮೆಸೇಜ್ ಸಾಕು. ಮೀಟರ್ ಲೆಕ್ಕ ನಿಮ್ಮ ಮನೆಯಿಂದಲೋ ಶೆಡ್ಡಿನಿಂದಲೋ? ಟೋಲು, ಪಾರ್ಕಿಂಗು, ಹೊರರಾಜ್ಯದ ಪರ್ಮಿಟ್ಟು ಯಾರದು? ನಡುವೆ ಡೀಸೆಲ್ ಏರಿದರೆ ರೇಟು ಬದಲಾಗುತ್ತದಾ? 2017ರ ಜೂನ್ 16ರಿಂದ ದೇಶದಲ್ಲಿ ಬೆಳಗ್ಗೆ ಆರಕ್ಕೆ ದಿನದ ರೇಟು ಬದಲಾಗುವ ಪದ್ಧತಿ ಇದೆ. ತಿಂಗಳುಗಟ್ಟಲೆ ಬದಲಾಗದೆಯೂ ಇರುತ್ತದೆ, ಆ ಮಾತು ಬೇರೆ.

ಅಗ್ಗ ಅಂತ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಡಿ. ಅಪಘಾತವಾದರೆ ವಿಮೆಯ ತಕರಾರು ನಿಮ್ಮ ತಲೆಗೇ ಬರುತ್ತದೆ.

ಸ್ವಂತ ಗಾಡಿ: ದಿನ ಉಳಿಸಿಕೊಳ್ಳಿ, ಜಾಗ ಕಡಿಮೆ ಮಾಡಿ

ಇಲ್ಲಿ ಲೆಕ್ಕ ತಿರುಗುತ್ತದೆ. ನಿಂತ ಕಾರಿಗೆ ಖರ್ಚಿಲ್ಲ. ಆದರೂ ನಾವು ಸ್ವಂತ ಕಾರಿನಲ್ಲೂ ಬಾಡಿಗೆ ಗಾಡಿಯವರ ಹಾಗೆ ಓಡುತ್ತೇವೆ. ಬೆಳಗ್ಗೆ ಬೇಲೂರು, ಮಧ್ಯಾಹ್ನ ಚಿಕ್ಕಮಗಳೂರು, ರಾತ್ರಿ ಹೊರನಾಡು, ನಾಳೆ ಶೃಂಗೇರಿ, ಧರ್ಮಸ್ಥಳ, ನಾಡಿದ್ದು ಸುಬ್ರಹ್ಮಣ್ಯ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಮೈಲೇಜ್ ಅರ್ಧಕ್ಕೆ ಬಂದರೂ ಆಶ್ಚರ್ಯವಿಲ್ಲ. ಡೀಸೆಲ್ ಏರಿದ ವರ್ಷ ಒಂದೇ ಊರನ್ನು ಠಾಣ್ಯ ಮಾಡಿಕೊಳ್ಳಿ. ಅಲ್ಲಿಂದ ಒಂದು ದಿನ ಒಂದು ದಿಕ್ಕು, ಮತ್ತೊಂದು ದಿನ ಇನ್ನೊಂದು ದಿಕ್ಕು. ಮಧ್ಯೆ ಒಂದು ದಿನ ಕಾರಿನ ಕೀಲಿ ಮುಟ್ಟಲೇಬೇಡಿ.

ಮನೆಯ ಹತ್ತಿರದ್ದನ್ನೇ ನಾವು ಸರಿಯಾಗಿ ನೋಡಿರುವುದಿಲ್ಲ. ತುಮಕೂರಿನಿಂದ ಕೊರಟಗೆರೆ ದಾಟಿ ಮಧುಗಿರಿಗೆ ಸುಮಾರು 45 ಕಿ.ಮೀ. ಬೆಳಗ್ಗೆ ಬಿಸಿಲೇರುವ ಮುಂಚೆ ಏಕಶಿಲಾ ಬೆಟ್ಟದ ಕೋಟೆ ಹತ್ತಬಹುದು. ಅದೇ ತಾಲ್ಲೂಕಿನ ಮೈದನಹಳ್ಳಿ ಕಡೆ ಹೋದರೆ ಜಯಮಂಗಲಿ ಕೃಷ್ಣಮೃಗ ಧಾಮ. ಬರುವಾಗ ಗೊರವನಹಳ್ಳಿ ಲಕ್ಷ್ಮೀ, ತೀತಾ ಜಲಾಶಯ. ಇಷ್ಟೆಲ್ಲ ಸುತ್ತಿದರೂ 150ರಿಂದ 180 ಕಿ.ಮೀ. ಲೀಟರಿಗೆ 15 ಕೊಡುವ ಕಾರಿಗೆ 12 ಲೀಟರ್. ಪೆಟ್ರೋಲು ಲೀಟರಿಗೆ ಹತ್ತು ರೂಪಾಯಿ ಏರಿದರೂ ನಿಮಗೆ ಜಾಸ್ತಿ ಬೀಳುವುದು 120.

ಚಿಕ್ಕಬಳ್ಳಾಪುರದ ಕಡೆ ಹೋಗುವುದಾದರೆ ಬೆಂಗಳೂರಿಗೆ ಇಳಿಯಬೇಡಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಭಾಗ 2024ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಟೋಲ್ ಇದೆ. ಆದರೆ ಗೊರಗುಂಟೆಪಾಳ್ಯ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಎ.ಸಿ. ಹಾಕಿಕೊಂಡು ತೆವಳುವ ಡೀಸೆಲ್ ಉಳಿಯುತ್ತದೆ, ಮಂಡೆಯೂ ತಣ್ಣಗಿರುತ್ತದೆ. ನಂದಿ ಬೆಟ್ಟಕ್ಕೆ ಭಾನುವಾರ ಬೆಳಗ್ಗೆ ಹೋಗುವುದು ಮಾತ್ರ ಬೇಡ. ಸೂರ್ಯೋದಯ ನೋಡಲು ಬಂದವರೆಲ್ಲ ತಿರುವುಗಳಲ್ಲಿ ಫಸ್ಟ್ ಗೇರಿನಲ್ಲಿ ನಿಂತಿರುತ್ತಾರೆ. ವಾರದ ದಿನ ಹೋಗಿ, ಇಲ್ಲವೇ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನೋಡಿ. ನನ್ನ ಕೇಳಿದರೆ ಬೆಟ್ಟಕ್ಕಿಂತ ಅದೇ ಚೆನ್ನ.

ಕೋಲಾರ, ಮುಳಬಾಗಿಲು, ಅವನಿ, ಕುರುಡುಮಲೆ ಕಡೆಗೂ ಇದೇ ರಸ್ತೆ. ಹೊಸಕೋಟೆಯಿಂದ ಬೇತಮಂಗಲದ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಇದೆ. ರಸ್ತೆ ಚೆನ್ನಾಗಿದೆ ಅಂತ 110, 120ರಲ್ಲಿ ಒತ್ತಿದರೆ ಟ್ರಾಫಿಕ್ಕಿನಲ್ಲಿ ಉಳಿಸಿದ ಡೀಸೆಲ್ ಅಲ್ಲಿ ಹೋಗುತ್ತದೆ.

ಗಡಿ ದಾಟುವ ಮುಂಚೆ ಟ್ಯಾಂಕ್ ತುಂಬಿ

ಆಂಧ್ರದಲ್ಲಿ ತೆರಿಗೆ ಹೆಚ್ಚು, ಪೆಟ್ರೋಲು ಡೀಸೆಲ್ ಎರಡೂ ನಮ್ಮದಕ್ಕಿಂತ ಲೀಟರಿಗೆ ಹಲವು ರೂಪಾಯಿ ದುಬಾರಿ. ಅಲ್ಲಿನ ಗಾಡಿಗಳು ಗಡಿ ದಾಟಿ ನಮ್ಮ ಬಂಕುಗಳಿಗೆ ಬಂದು ಹಾಕಿಸಿಕೊಳ್ಳುವುದು ಸುಮ್ನೆ ಅಲ್ಲ. ಲೇಪಾಕ್ಷಿ, ಪುಟ್ಟಪರ್ತಿ ಕಡೆಗಾದರೆ ಮಧುಗಿರಿ, ಗೌರಿಬಿದನೂರು ಅಥವಾ ಬಾಗೇಪಲ್ಲಿಯಲ್ಲಿ ಫುಲ್ ಮಾಡಿಸಿ. ತಿರುಪತಿಗಾದರೆ ಮುಳಬಾಗಿಲು ಅಥವಾ ನಂಗಲಿಯಲ್ಲಿ. ಮುಳಬಾಗಿಲಿನಿಂದ ತಿರುಪತಿಗೆ ಹೋಗಿ ಬರಲು ಕಾರಿನ ಒಂದು ಟ್ಯಾಂಕ್ ಧಾರಾಳ. ತಿರುಮಲ ಬೆಟ್ಟಕ್ಕೆ ಹೋಗುವ ಗಾಡಿಗಳಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ಕಡ್ಡಾಯ ಮಾಡಿದ್ದಾರೆ, ಅದರಲ್ಲಿ ದುಡ್ಡಿದೆಯಾ ನೋಡಿಕೊಳ್ಳಿ.

ನಾಳೆ ರೇಟ್ ಏರುತ್ತದೆ ಅಂತ ಗಾಳಿಸುದ್ದಿ ಬಂದ ರಾತ್ರಿ ಬಂಕಿನ ಮುಂದೆ ಒಂದು ಗಂಟೆ ಕ್ಯೂ ನಿಲ್ಲುವವರಿಗೆ ಒಂದು ಮಾತು: 40 ಲೀಟರಿಗೆ ಎರಡು ರೂಪಾಯಿಯಂತೆ ಉಳಿಯುವುದು 80. ಕ್ಯಾನಿನಲ್ಲಿ ತುಂಬಿಸಿ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಅದೇ ಗಾಡಿಯಲ್ಲಿ ಗ್ಯಾಸ್ ಒಲೆಯೂ ಇರುತ್ತದೆ, ನೆನಪಿರಲಿ.

ಟೋಲಿನ ಲೆಕ್ಕ

ನಮ್ಮವರಿಗೆ ಕ್ಯಾತ್ಸಂದ್ರ ಟೋಲ್ ದಾಟದೆ ಬೆಂಗಳೂರಿಲ್ಲ. ಸ್ವಂತ ಕಾರು, ಜೀಪು, ವ್ಯಾನಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. 3,000 ರೂಪಾಯಿಗೆ ಶುರುವಾಯಿತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಯವರೆಗೆ. ರಾಷ್ಟ್ರೀಯ ಹೆದ್ದಾರಿಯ ಟೋಲುಗಳಿಗೆ ಮಾತ್ರ, ಹಳದಿ ಬೋರ್ಡಿಗೆ ಇಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಇದು ಲಾಭ. ವರ್ಷಕ್ಕೊಂದು ಟೂರ್ ಹೋಗುವವರಿಗೆ ಬೇಡ.

ಸಾಮಾನು ಹೇರುವಾಗ

ಈ ಹಂತದಲ್ಲಿ ಡೀಸೆಲ್ ಉಳಿಯುವುದು ಹೆಚ್ಚು, ಆದರೆ ಯಾರೂ ಗಮನ ಕೊಡುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಅಂಗಳದಲ್ಲಿ ನಿಂತು ನೋಡಿ. ಕ್ಯಾರಿಯರಿನ ಮೇಲೆ ಹಾಸಿಗೆ, ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಟಾರ್ಪಾಲು. ಒಂದು ಮೂಲೆ ಸರಿಯಾಗಿ ಕಟ್ಟಿರುವುದಿಲ್ಲ. ಹೆದ್ದಾರಿಗೆ ಬಂದ ಮೇಲೆ ಆ ಮೂಲೆ ಪಟಪಟ ಅಂತ ಬಡಿದುಕೊಳ್ಳುತ್ತಲೇ ಇರುತ್ತದೆ. ಆ ಸದ್ದು ಕೇಳುವಷ್ಟು ಹೊತ್ತೂ ಗಾಳಿ ನಿಮ್ಮ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದೆ ಅಂತ ಅರ್ಥ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಆದಷ್ಟೂ ಸಾಮಾನು ಒಳಗಿಡಿ. ಮೇಲೆ ಇಡಲೇಬೇಕಾದರೆ ತಗ್ಗಾಗಿ ಹರಡಿ, ಹಗ್ಗ ಬಿಗಿದು ಕಟ್ಟಿ. ವಾಪಸ್ ಬಂದ ಮೇಲೆ ಖಾಲಿ ಕ್ಯಾರಿಯರ್ ಬಿಚ್ಚಿಡಿ.

ನೀರು ಹೊರಬೇಡಿ. 20 ಲೀಟರಿನ ಐದು ಕ್ಯಾನ್ ಅಂದರೆ ನೂರು ಕೆ.ಜಿ., ಇಬ್ಬರು ದೊಡ್ಡವರ ತೂಕ. ಈಗ ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ. ಪಾವಗಡ, ಶಿರಾ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ತೋಟದ ಬೋರ್‌ವೆಲ್ ನೀರು ಪಾತ್ರೆ ತೊಳೆಯಲು ಸಾಕು, ಕುಡಿಯಲು ಘಟಕದ ನೀರೇ ಇರಲಿ.

ಅಡುಗೆಯಲ್ಲೂ ಹಗುರ ಮಾಡಿಕೊಳ್ಳಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ ಇದ್ದರೆ ಒಂದೇ ಒಲೆ, ಒಂದೇ ಕುಕ್ಕರ್ ಸಾಕು. ಮಧ್ಯಾಹ್ನಕ್ಕೆ ಮಠ, ದೇವಸ್ಥಾನದ ದಾಸೋಹ ಇದ್ದರೆ ಅಲ್ಲೇ ಊಟ. ದೊಡ್ಡ ಸಿಲಿಂಡರ್ ಬದಲು ಐದು ಕೆ.ಜಿ.ಯದು ಸಾಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿರಬೇಕು, ಗಾಡಿಯೊಳಗೆ ಒಲೆ ಹಚ್ಚಲೇಬಾರದು.

ಟೈರಿನ ಗಾಳಿಯನ್ನು ಬೆಳಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಿ. ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕರಿನಲ್ಲಿ ತುಂಬಿದ ಗಾಡಿಗೆ ಬೇರೆ ಅಳತೆ ಕೊಟ್ಟಿರುತ್ತಾರೆ. ಅದನ್ನೇ ತುಂಬಿಸಿ.

ಓಡಿಸುವಾಗ

80ಕ್ಕಿಂತ 45–55 ಕಿ.ಮೀ. ವೇಗದಲ್ಲಿ ಓಡಿಸಿದರೆ ಶೇ 40ರವರೆಗೆ ಮೈಲೇಜ್ ಜಾಸ್ತಿ ಸಿಗುತ್ತದೆ ಅಂತ ಕೇಂದ್ರದ ಪೆಟ್ರೋಲಿಯಂ ಸಂರಕ್ಷಣಾ ಸಂಸ್ಥೆ, ಪಿಸಿಆರ್‌ಎ, ವರ್ಷಗಳಿಂದ ಹೇಳುತ್ತಿದೆ. ಹೆದ್ದಾರಿಯಲ್ಲಿ 50ರಲ್ಲಿ ಹೋದರೆ ಹಿಂದಿನ ಲಾರಿಯವನು ಹಾರ್ನ್ ಹೊಡೆದು ಕಿವಿ ಹರಿಯುತ್ತಾನೆ, ಒಪ್ಪಿದೆ. 100ರ ಬದಲು 75, 80ರಲ್ಲಿ ಒಂದೇ ಸಮನೆ ಹೋಗಿ. ಶಿರಾವರೆಗಿನ 50 ಕಿ.ಮೀ. ಚಿಲ್ಲರೆ ದಾರಿಗೆ ಹತ್ತು ನಿಮಿಷದ ಆಸುಪಾಸು ವ್ಯತ್ಯಾಸ, ಅಷ್ಟೇ.

ರಾತ್ರಿ ತಂಗುವಾಗ

ಕ್ಯಾಂಪರ್ ವ್ಯಾನ್ ತಂದವರು ಇದನ್ನು ಗಮನಿಸಿ. ದಿನದ ಬಾಡಿಗೆಗೆ ಎಷ್ಟು ಕಿ.ಮೀ. ಸೇರಿದೆ, ಮೀರಿದರೆ ಎಷ್ಟು ಅಂತ ಮೊದಲೇ ಕೇಳಿ. ರಾತ್ರಿ ಎ.ಸಿ.ಗಾಗಿ ಎಂಜಿನ್ ಓಡಿಸಿದರೆ ಗಂಟೆಗೆ ಒಂದು ಲೀಟರ್ ಆಸುಪಾಸು ಹೋಗುತ್ತದೆ. ಎಂಟು ಗಂಟೆ ನಿದ್ದೆಗೆ ಎಂಟು ಲೀಟರ್, ಅಂದರೆ ನಿಂತಲ್ಲೇ 80 ಕಿ.ಮೀ. ಡೀಸೆಲ್. ಖರ್ಚಿಗಿಂತ ಪ್ರಾಣಭಯ ದೊಡ್ಡದು: ಹೊಗೆ ಒಳಗೆ ಸೇರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಕರೆಂಟ್ ಪ್ಲಗ್ ಕೊಡುವ ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ. ನವೆಂಬರಿನಿಂದ ಫೆಬ್ರವರಿವರೆಗೆ ಹೋದರೆ ನಮ್ಮ ಕಡೆ ಎ.ಸಿ. ಬೇಕಾಗುವುದೇ ಇಲ್ಲ.

ಟೆಂಟಿಗೆ ಪರಿಚಯದವರ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ತಿಪಟೂರು, ಗುಬ್ಬಿ ಕಡೆ ತೋಟವಿರುವ ನೆಂಟರು ಇಲ್ಲದ ತುಮಕೂರಿನವರು ಉಂಟಾ? ಆದರೆ ತೆಂಗಿನಮರದ ಕೆಳಗೆ ಹಾಕಬೇಡಿ. ಕಾಯಿ ಬಿಡಿ, ಒಣಗಿದ ಗರಿ ಬಿದ್ದರೂ ಟೆಂಟ್ ಹರಿದು ತಲೆ ಒಡೆಯುತ್ತದೆ. ದೇವರಾಯನದುರ್ಗದ ಸುತ್ತಲಿನದ್ದು ಅರಣ್ಯ. ಅನುಮತಿ ಇಲ್ಲದೆ ಟೆಂಟು, ಬೆಂಕಿ ಎರಡೂ ಅಪರಾಧ. ಸ್ಕಂದಗಿರಿಯಂಥ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು. ಸೀಟು ಸಿಕ್ಕ ಮೇಲೆ ಹೊರಡಿ. ಅಲ್ಲಿಗೆ ಹೋಗಿ ವಾಪಸ್ ಬಂದರೆ ಅದಕ್ಕಿಂತ ದಂಡದ ಡೀಸೆಲ್ ಇಲ್ಲ.

ಎರಡು ಕಾರು ಬೇಕೇ ಬೇಕಾ?

ಎಂಟು ಒಂಬತ್ತು ಜನ ಇದ್ದಾಗ ಈ ಪ್ರಶ್ನೆ ಬರುತ್ತದೆ. ರಾಜ್ಯದೊಳಗಿನ ಟೂರಾದರೆ ಶಕ್ತಿ ಯೋಜನೆ ನೆನಪಿಸಿಕೊಳ್ಳಿ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಂದು ಕಾರಿನಲ್ಲಿ ಸಾಮಾನು, ವಯಸ್ಸಾದವರು, ಮಕ್ಕಳು. ಉಳಿದವರು ಬೆಳಗಿನ ಬಸ್ಸು. ಅತ್ತೆ, ಅಕ್ಕ, ನಾದಿನಿಯರು ಒಂದೇ ಬಸ್ಸಿನಲ್ಲಿ ಕೂತರೆ ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ. ಆಧಾರ್ ಕಾರ್ಡ್ ಮರೆಯಬಾರದು ಅಷ್ಟೇ.

ಬಂದ ಮೇಲೆ ಲೆಕ್ಕ ಮುಗಿಸುವುದು

ಬಾಡಿಗೆ ಗಾಡಿಯಾದರೆ ಹೊರಡುವಾಗ ಮತ್ತು ಇಳಿಯುವಾಗ ಮೀಟರಿನ ಫೋಟೋ ತೆಗೆದಿಡಿ. ಡ್ರೈವರ್ ಟ್ರಿಪ್ ಶೀಟಿಗೆ ಸಹಿ ಕೇಳಿದರೆ ಸಂಖ್ಯೆ ನೋಡಿ ಸಹಿ ಹಾಕಿ, ನಿದ್ದೆಗಣ್ಣಲ್ಲಿ ಹಾಕಬೇಡಿ. ಟೋಲ್ ನಿಮ್ಮದು ಅಂತ ಮಾತಾಗಿದ್ದರೆ ಫಾಸ್ಟ್ಯಾಗ್ ಮೆಸೇಜುಗಳನ್ನು ಮಾಲೀಕರಿಂದ ತರಿಸಿಕೊಂಡು ಕೂಡಿಸಿ. ಕೆಲವು ಕಡಿತ ಮಾರನೇ ದಿನ ಬರುತ್ತವೆ. ಆದ್ದರಿಂದ ಟೋಲಿನ ದುಡ್ಡು ಮಾತ್ರ ಒಂದು ದಿನ ತಡೆದು ಕೊಡುತ್ತೇನೆ ಅಂತ ಹೇಳಿ, ಉಳಿದದ್ದನ್ನು ಅಲ್ಲೇ ಕೊಟ್ಟುಬಿಡಿ. ಬಾಟಾ ಡ್ರೈವರ್ ಕೈಗೇ ಹೋಗಲಿ.